ನಟನೆಯೋ ಸ್ಟ್ಯಾಂಡ್‌ಅಪ್ಪೋ, ಮಂಗಳೂರೋ ಬೆಂಗಳೂರೋ ಕೊಚ್ಚಿಯೋ: ಕಾಸರಗೋಡಿನವರಿಗೆ ಒಂದು ಹೋಲಿಕೆ

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆಯ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಈಗ ಬದಲಾಗಿದೆ. ಮೊದಲೆಲ್ಲ 'ಸಿನಿಮಾಕ್ಕೆ ಸೇರುವುದು ಹೇಗೆ' ಅಂತ ಕೇಳುತ್ತಿದ್ದರು. ಈಗ 'ಆಡಿಷನ್‌ಗೆ ಅಲೆಯುವುದೋ, ಸ್ಟ್ಯಾಂಡ್‌ಅಪ್ ಶುರುಮಾಡುವುದೋ? ಬೆಂಗಳೂರೋ, ಕೊಚ್ಚಿಯೋ?' ಅಂತ ಕೇಳುತ್ತಾರೆ. 2025ರ ಜುಲೈಯಲ್ಲಿ 'ಸು ಫ್ರಮ್ ಸೋ' ಗೆದ್ದ ಮೇಲಂತೂ ಇದು ಜಾಸ್ತಿಯಾಗಿದೆ. ಅದನ್ನು ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ಮಾಡಿದ ಜೆ.ಪಿ. ತುಮಿನಾಡು ನಮ್ಮ ಮಂಜೇಶ್ವರದ ತುಮಿನಾಡಿನವರು. ಅದರಲ್ಲೇ ನಟಿಸಿದ ಪ್ರಕಾಶ್ ತುಮಿನಾಡು 2018ರ 'ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು', 2022ರ 'ಕಾಂತಾರ' ಎರಡರಲ್ಲೂ ಇದ್ದವರು. ಇಬ್ಬರೂ ಬಂದದ್ದು ತುಳು ನಾಟಕದ ಸ್ಟೇಜಿನಿಂದ. ಸಿನಿಮಾ ನೋಡಿ ಬೆಂಗಳೂರಿಗೆ ಬಸ್ ಹತ್ತಬೇಕು ಅಂತ ಹೊರಟವರು ಇದೊಂದನ್ನು ಮಾತ್ರ ಮರೆತುಬಿಡುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಟನೆ ಮತ್ತು ಸ್ಟ್ಯಾಂಡ್‌ಅಪ್ ನಡುವೆ ಒಂದನ್ನೇ ಆರಿಸಬೇಕಾಗಿಲ್ಲ. ಎರಡೂ ಒಟ್ಟಿಗೆ ನಡೆಯುತ್ತವೆ, ಒಂದು ಖಾಲಿ ಇದ್ದಾಗ ಇನ್ನೊಂದು ಕೈ ಹಿಡಿಯುತ್ತದೆ. ಆರಿಸಬೇಕಾದದ್ದು ಶುರುಮಾಡುವ ಜಾಗವನ್ನು. ತುಳು ಮಾತಾಡಲು ಬರುವವರು ಮಂಗಳೂರಿನಿಂದ ಶುರುಮಾಡುವುದು ಒಳ್ಳೆಯದು. ಬೆಂಗಳೂರು ಎರಡನೆಯದು. ಕೊಚ್ಚಿ ಎಲ್ಲರಿಗೂ ಅಲ್ಲ, ಆದರೆ ಕೆಲವರಿಗೆ ಅದೇ ಮೊದಲನೆಯದು. ಯಾಕೆ ಅಂತ ಮುಂದೆ ನೋಡೋಣ.

ಎರಡು ಕೆಲಸ, ಎರಡು ಲೆಕ್ಕ

ನಟನಿಗೆ ಯಾರಾದರೂ ಕರೆಯಬೇಕು. ಕತೆ ಇನ್ನೊಬ್ಬರದ್ದು, ದುಡ್ಡು ಇನ್ನೊಬ್ಬರದ್ದು, ಎಡಿಟ್ ಮಾಡುವವರು ಮತ್ತೊಬ್ಬರು. ನೀವು ಎಷ್ಟೇ ಚೆನ್ನಾಗಿ ಮಾಡಿದರೂ ಫೋನ್ ಬರದಿದ್ದರೆ ಆ ತಿಂಗಳು ನೀವು ನಟರಲ್ಲ. ಸ್ಟ್ಯಾಂಡ್‌ಅಪ್‌ನಲ್ಲಿ ಯಾರನ್ನೂ ಕಾಯಬೇಕಾಗಿಲ್ಲ. ಒಂದು ಮೈಕು, ಐದು ನಿಮಿಷದ ಸರಕು, ಎದುರಿಗೆ ಇಪ್ಪತ್ತು ಜನ ಇದ್ದರೆ ಸಾಕು. ಬರೆದದ್ದು ನಿಮ್ಮದು, ಹಕ್ಕೂ ನಿಮ್ಮದೇ. ಆದರೆ ಕಷ್ಟ ಏನೆಂದರೆ ಬಿದ್ದರೂ ಒಬ್ಬರೇ ಬೀಳಬೇಕು. ನಾಟಕದಲ್ಲಿ ನಿಮ್ಮ ಮಾತು ಬಿದ್ದರೆ ಎದುರಿನ ಪಾತ್ರದವರು ಎತ್ತಿಕೊಳ್ಳುತ್ತಾರೆ. ಸ್ಟ್ಯಾಂಡ್‌ಅಪ್‌ನಲ್ಲಿ ಎತ್ತಿಕೊಳ್ಳುವವರು ಯಾರೂ ಇಲ್ಲ.

ಇನ್ನೊಂದು ವ್ಯತ್ಯಾಸ ಕೆಲಸಕ್ಕೆ ಇಳಿದ ಮೇಲೇ ಗೊತ್ತಾಗುವುದು. ಸ್ಟೇಜಿನಲ್ಲಿ ತಯಾರಾದವರಿಗೆ ನಗುವನ್ನು ಕಾಯುವ ಅಭ್ಯಾಸ ಇರುತ್ತದೆ. ಒಂದು ಮಾತು ಹೇಳಿ, ಜನ ನಗುವವರೆಗೆ ತಡೆದು, ಆ ನಗು ಇಳಿಯುವ ಹೊತ್ತಿಗೆ ಮುಂದಿನ ಮಾತು ಹಾಕುತ್ತಾರೆ. ಶೂಟಿಂಗಿನಲ್ಲಿ ಯಾರೂ ನಗುವುದಿಲ್ಲ. ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಮಾತು ರೆಕಾರ್ಡ್ ಮಾಡುವುದು ಇದ್ದರೆ ನಗಲೂ ಬಾರದು. ಕ್ಯಾಮೆರಾ ಹಿಂದೆ ನಿಂತ ಅಷ್ಟೂ ಜನ ಉಸಿರು ಬಿಗಿ ಹಿಡಿದು ನಿಮ್ಮ ಮುಖ ನೋಡುತ್ತಿರುತ್ತಾರೆ. ನೀವು ಅಭ್ಯಾಸಬಲದಿಂದ ಒಂದು ಕ್ಷಣ ತಡೆದರೆ ಅದು ಪರದೆಯ ಮೇಲೆ ಮಾತು ಮರೆತ ಹಾಗೆ ಕಾಣುತ್ತದೆ. ಹಾಗೆಯೇ ಕೊನೆಯ ಸಾಲಿನವನಿಗೂ ಕೇಳಲಿ, ಕಾಣಲಿ ಅಂತ ಎತ್ತಿದ ಹುಬ್ಬು ಕ್ಲೋಸಪ್ಪಿನಲ್ಲಿ ವಿಕಾರವಾಗುತ್ತದೆ. ತುಳು ನಾಟಕದಲ್ಲಿ ಹೆಸರು ಮಾಡಿದ ಎಷ್ಟೋ ಜನ ಮೊದಲ ಸಿನಿಮಾದಲ್ಲಿ ಜೋರಾಗಿ ಕಾಣುವುದು ಇದಕ್ಕೇ. ಎರಡು ಮೂರು ಸಿನಿಮಾ ಆದ ಮೇಲೆ ಅವರೇ ಸಣ್ಣದು ಮಾಡಿಕೊಳ್ಳುತ್ತಾರೆ.

ತದ್ವಿರುದ್ಧದ ಕಷ್ಟವೂ ಇದೆ. ಧಾರಾವಾಹಿಯಲ್ಲಿ ಮುಖ ಗುರುತಾದವರು 'ನಾನೂ ಸ್ಟ್ಯಾಂಡ್‌ಅಪ್ ಮಾಡುತ್ತೇನೆ' ಅಂತ ಮೈಕ್ ಹಿಡಿದರೆ ಮೊದಲ ಒಂದು ನಿಮಿಷ ಜನ ಪ್ರೀತಿಯಿಂದ ನೋಡುತ್ತಾರೆ. ಎರಡನೇ ನಿಮಿಷದಿಂದ ಜೋಕೇ ಬೇಕು.

ಎರಡನ್ನೂ ಒಟ್ಟಿಗೆ ನಡೆಸಿದವರು ಇದ್ದಾರೆ. ವೀರ್ ದಾಸ್ 2011, 2013ರ ಹೊತ್ತಿಗೇ ಹಿಂದಿ ಸಿನಿಮಾಗಳಲ್ಲಿ ಮುಖ್ಯ ಪಾತ್ರ ಮಾಡಿದವರು. ಆದರೆ 2023ರಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಬಂದದ್ದು ಸ್ಟ್ಯಾಂಡ್‌ಅಪ್‌ಗೆ. ಬೆಂಗಳೂರಿನ ದಾನಿಶ್ ಸೇಠ್ ರೇಡಿಯೋದ ಪ್ರ್ಯಾಂಕ್ ಕಾಲ್‌ಗಳಲ್ಲಿ ಕಟ್ಟಿದ ನೋಗರಾಜ್ ಅನ್ನುವ ಪಾತ್ರವನ್ನೇ 2018ರಲ್ಲಿ ಕನ್ನಡ ಸಿನಿಮಾ ಮಾಡಿದರು. ಅದರಲ್ಲಿ ನಟಿಸಿದ ಸುಮುಖಿ ಸುರೇಶ್ ಕೂಡ ಕಾಮಿಡಿಯಿಂದ ಬಂದವರು, ಆಮೇಲೆ ತಮ್ಮದೇ ವೆಬ್ ಸರಣಿ ಬರೆದು ನಟಿಸಿದವರು. ಗಮನಿಸಿ, ಇವರೆಲ್ಲ ಬರೆಯುವವರು. ಬರೆಯಲು ಬರುವ ಹಾಸ್ಯಗಾರನಿಗೆ ಪಾತ್ರ ಸಿಗದಿದ್ದರೂ ಕೆಲಸ ಸಿಗುತ್ತದೆ. ಬರೆಯಲು ಬಾರದ ನಟ ಕಾಯಲೇಬೇಕು.

ಮಂಗಳೂರು: ಮನೆ ಊಟ ಬಿಡದೆ ಕಲಿಯುವ ಜಾಗ

ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಮಂಜೇಶ್ವರದವರಿಗೆ ಅದರ ಅರ್ಧವೂ ಇಲ್ಲ. ಬಾಡಿಗೆ ಇಲ್ಲ, ಪಿಜಿ ಇಲ್ಲ, ಅಮ್ಮನ ಕೈಯ ಊಟ. ಇದು ಸಣ್ಣ ವಿಷಯ ಅಲ್ಲ. ಬೆಂಗಳೂರಿಗೆ ಹೋದವರಲ್ಲಿ ಹೆಚ್ಚಿನವರು ವಾಪಸ್ ಬರುವುದು ಪ್ರತಿಭೆ ಸಾಲದೆ ಅಲ್ಲ, ಬಾಡಿಗೆ ಕಟ್ಟಲಾಗದೆ.

ತುಳು ನಾಟಕದ ಸೀಸನ್ ಮಳೆ ಬಿಟ್ಟ ಮೇಲೆ ಶುರು. ದೀಪಾವಳಿ ಕಳೆದು ಜಾತ್ರೆ, ನೇಮ, ಭಜನಾ ಮಂದಿರದ ವಾರ್ಷಿಕೋತ್ಸವ ಅಂತ ಮೇ ತಿಂಗಳವರೆಗೆ ನಡೆಯುತ್ತದೆ. ಒಂದೇ ನಾಟಕ ಊರೂರು ಸುತ್ತುತ್ತದೆ, ಚೆನ್ನಾಗಿ ಓಡಿದರೆ ಮುಂಬೈಗೂ ಗಲ್ಫಿಗೂ ಹೋಗುತ್ತದೆ. ಅದೇ ಮಾತನ್ನು ಬೇರೆ ಬೇರೆ ಜನರ ಎದುರು ಮತ್ತೆ ಮತ್ತೆ ಹೇಳುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ ಹೇಳಿ? ಓಪನ್ ಮೈಕಿನಲ್ಲಿ, ಅಂದರೆ ಹೊಸಬರೂ ಹೆಸರು ಕೊಟ್ಟು ಮೈಕ್ ಹಿಡಿಯುವ ಸ್ಟ್ಯಾಂಡ್‌ಅಪ್ ಕಾರ್ಯಕ್ರಮದಲ್ಲಿ, ನಿಮಗೆ ನಾಲ್ಕೈದು ನಿಮಿಷ. ಇಲ್ಲಿ ಎರಡೂವರೆ ಮೂರು ಗಂಟೆಯ ನಾಟಕ, ಅದರಲ್ಲಿ ಸಣ್ಣ ಪಾತ್ರವಾದರೂ ಹತ್ತಿಪ್ಪತ್ತು ನಿಮಿಷ ಜನರ ಎದುರು ನಿಲ್ಲುತ್ತೀರಿ. ಅದೂ ಎಂಥ ಜನ! ಎದುರಿಗೆ ಮಕ್ಕಳು, ಹಿಂದೆ ಕುರ್ಚಿಯಲ್ಲಿ ಅಜ್ಜಿಯಂದಿರು, ಅದರ ಹಿಂದೆ ಚರುಮುರಿ ಗಾಡಿಯ ಹತ್ತಿರ ನಿಂತ ಹುಡುಗರು. ಮೂವರೂ ಒಟ್ಟಿಗೆ ನಗುವ ಮಾತು ಬರೆಯುವುದು ಸುಮ್ನೆ ಅಲ್ಲ.

ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ ವಾಮಂಜೂರು, ಅರವಿಂದ ಬೋಳಾರ್, ಹೀಗೆ ತುಳು ಸಿನಿಮಾದ ಹೆಸರು ಯಾವುದು ತೆಗೆದರೂ ಬೇರು ನಾಟಕದಲ್ಲಿ ಇದೆ. ತುಳು ಸಿನಿಮಾ ಶುರುವಾದದ್ದು 1971ರಲ್ಲಿ. ಆದರೆ ಜನ ಮತ್ತೆ ಥಿಯೇಟರಿಗೆ ಸಾಲುಗಟ್ಟಿದ್ದು 2011ರಲ್ಲಿ ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ 'ಒರಿಯರ್ದೊರಿ ಅಸಲ್' ನಾಟಕ ಸಿನಿಮಾ ಆದಾಗ.

ಯಕ್ಷಗಾನದ ಹಾಸ್ಯಗಾರರನ್ನೂ ಮರೆಯಬೇಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದೇ. ತೆಂಕುತಿಟ್ಟಿನ ಒಳ್ಳೆಯ ಹಾಸ್ಯಗಾರನಿಗೆ ಬರೆದ ಮಾತು ಅಂತ ಇರುವುದಿಲ್ಲ. ಭಾಗವತರ ಪದ ಮುಗಿದ ಕೂಡಲೇ, ಎದುರು ವೇಷದ ಮಾತು ಕೇಳಿಕೊಂಡು, ಕತೆ ದಾರಿ ತಪ್ಪದ ಹಾಗೆ ಅಲ್ಲೇ ಹುಟ್ಟಿಸಬೇಕು. ಸ್ಟ್ಯಾಂಡ್‌ಅಪ್‌ನವರು ಈಗ ಎದುರು ಕೂತವರ ಜೊತೆ ಮಾತಾಡಿ ಅಲ್ಲೇ ನಗಿಸುವುದನ್ನು ಕ್ರೌಡ್ ವರ್ಕ್ ಅಂತ ವಿಡಿಯೋ ಹಾಕುತ್ತಾರಲ್ಲ, ಅದಕ್ಕೆ ಬೇಕಾದ ಚುರುಕು ಇದೇ. ಒಂದು ಮಳೆಗಾಲ ಒಳ್ಳೆಯ ಗುರುಗಳ ಹತ್ತಿರ ಅರ್ಥಗಾರಿಕೆ ಕಲಿತವರಿಗೂ ಕಲಿಯದವರಿಗೂ ಮೈಕಿನ ಎದುರು ವ್ಯತ್ಯಾಸ ಕಾಣುತ್ತದೆ.

ಇನ್ನು ಮಂಗಳೂರಿನ ಕೊರತೆ. ತುಳುವಿನ ಮಾರುಕಟ್ಟೆ ಸಣ್ಣದು. ದಕ್ಷಿಣ ಕನ್ನಡ, ಉಡುಪಿ, ನಮ್ಮ ಕಾಸರಗೋಡಿನ ಬಡಗು ಭಾಗ, ಮುಂಬೈ, ಗಲ್ಫ್, ಅಷ್ಟೇ. ನಾಟಕದ ಸಂಬಳದಲ್ಲೇ ಬದುಕುವವರು ಕೆಲವರು. ಉಳಿದವರು ಹಗಲು ಬೇರೆ ಕೆಲಸ ಮಾಡುತ್ತಾರೆ. ರಾತ್ರಿ ನಾಟಕ ಮುಗಿಯುವ ಹೊತ್ತಿಗೆ ಊರಿಗೆ ಬಸ್ ಇರುವುದಿಲ್ಲ, ಬೈಕೋ ತಂಡದ ವ್ಯಾನೋ ಬೇಕು. ಇನ್ನೊಂದು, ಹಳೇ ಜೋಕುಗಳ ಚಾಳಿ. ಕುಡುಕ, ಗಂಡಸು ಹಾಕಿದ ಸೀರೆ, ದಪ್ಪಗಿರುವವರ ಗೇಲಿ, ಇವಕ್ಕೆ ಜಾತ್ರೆಯ ಗದ್ದೆಯಲ್ಲಿ ನಗು ಗ್ಯಾರಂಟಿ. ಅದೇ ನಗುವಿಗೆ ಒಗ್ಗಿಕೊಂಡರೆ ಮುಂದೆ ಬೇರೆ ಕಡೆ ಕಷ್ಟ. ಸ್ಟ್ಯಾಂಡ್‌ಅಪ್‌ಗೆ ಮಂಗಳೂರಿನ ಕೆಫೆಗಳಲ್ಲಿ ಆಗಾಗ ಓಪನ್ ಮೈಕ್ ನಡೆಯುತ್ತದೆ, ಆದರೆ ವಾರವಾರ ಸಿಗುತ್ತದೆ ಅಂತ ನಂಬಿಕೊಂಡು ಕೂರುವಂತಿಲ್ಲ.

ಬೆಂಗಳೂರು: ಕೆಲಸ ಇದೆ, ಸಾಲೂ ಇದೆ

ಕಾಸರಗೋಡಿನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಸುವ ಕಣ್ಣೂರು ರೈಲು ಇದೆ. ಹೋಗುವುದು ಸುಲಭ, ನಿಲ್ಲುವುದು ಕಷ್ಟ.

ಬೆಂಗಳೂರಿನಲ್ಲಿ ನಟನಿಗೆ ದಿನದ ಅನ್ನ ಕೊಡುವುದು ಧಾರಾವಾಹಿ. ದಿನಾ ಒಂದು ಎಪಿಸೋಡ್ ಹೋಗಬೇಕಾದ್ದರಿಂದ ಕೆಲಸ ನಿಲ್ಲುವುದಿಲ್ಲ. ದಿನಕ್ಕೆ ಇಷ್ಟು ಅಂತ ಪೇಮೆಂಟ್, ತಿಂಗಳಿಗೆ ಇಷ್ಟು ದಿನ ಅಂತ ಕಾಲ್‌ಶೀಟ್. ಬೆಳಿಗ್ಗೆ ಮೇಕಪ್‌ಗೆ ಕೂತರೆ ರಾತ್ರಿ ಪ್ಯಾಕಪ್. ಸೀನ್ ಪೇಪರ್ ಎಷ್ಟೋ ಸಲ ಶಾಟ್‌ಗೆ ಸ್ವಲ್ಪ ಮೊದಲು ಕೈಗೆ ಬರುತ್ತದೆ, ಕ್ಯಾಮೆರಾ ಹಿಂದಿನಿಂದ ಒಬ್ಬರು ಮಾತು ಹೇಳಿಕೊಡುತ್ತಾರೆ, ನೀವು ಅದನ್ನೇ ಹಿಡಿದು ಹೇಳಬೇಕು. ಹಲವು ಕಡೆ ಬಟ್ಟೆಯೂ ನಿಮ್ಮದೇ. ಮನೆಯ ಸೊಸೆಯ ಪಾತ್ರ ಸಿಕ್ಕವಳು ಮೊದಲ ತಿಂಗಳ ದುಡ್ಡನ್ನೆಲ್ಲ ಸೀರೆಗೆ, ಬ್ಲೌಸ್ ಹೊಲಿಸುವುದಕ್ಕೆ ಹಾಕಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಆ ಮೊದಲ ತಿಂಗಳ ದುಡ್ಡು ಕೈಗೆ ಬರುವುದೂ ಎರಡು ಮೂರು ತಿಂಗಳು ಬಿಟ್ಟು. ಇದನ್ನು ಲೆಕ್ಕ ಹಾಕಿಕೊಂಡೇ ಒಪ್ಪಬೇಕು.

ಮಾತಿನ ವಿಷಯ. ಧಾರಾವಾಹಿಯವರಿಗೆ ಬೇಕಾಗುವುದು ಮೈಸೂರು–ಬೆಂಗಳೂರು ಕಡೆಯ ಕನ್ನಡ. ನಮ್ಮ ಕನ್ನಡ ಪುಸ್ತಕದ ಹಾಗಿದೆ ಅಂತ ಹೊಗಳುತ್ತಾರೆ, ಆಮೇಲೆ 'ಸ್ವಲ್ಪ ಸಹಜವಾಗಿ ಮಾತಾಡಿ' ಅನ್ನುತ್ತಾರೆ. ಸಿನಿಮಾದಲ್ಲಿ ಕರಾವಳಿಯವರಿಗೆ ತುಂಬ ಕಾಲ ಸಿಗುತ್ತಿದ್ದದ್ದು ಹೋಟೆಲಿನ ಭಟ್ಟರ ಪಾತ್ರ, ಎರಡು ಸಲ 'ಎಂಥದು ಮಾರ್ರೆ' ಅಂದು ಹೋಗುವುದು. 2017ರಲ್ಲಿ ರಾಜ್ ಬಿ. ಶೆಟ್ಟಿ 'ಒಂದು ಮೊಟ್ಟೆಯ ಕಥೆ' ಮಾಡಿದ ಮೇಲೆ, ಅದರ ಹಿಂದೆ ಮುಂದೆ ಬಂದ ಕರಾವಳಿ ನಿರ್ದೇಶಕರಿಂದ ಅದು ಬದಲಾಯಿತು. ಆದರೆ ಆ ಸಿನಿಮಾಗಳಿಗೆ ನಟರನ್ನು ಹುಡುಕುವುದು ಎಲ್ಲಿ? ಮತ್ತೆ ಮಂಗಳೂರಿನ, ಉಡುಪಿಯ ನಾಟಕಗಳಲ್ಲೇ. ಬೆಂಗಳೂರಿನ ರೂಮಿನಲ್ಲಿ ಕೂತವರಿಗಿಂತ ಜಾತ್ರೆಯ ಸ್ಟೇಜಿನಲ್ಲಿ ಇದ್ದವರು ಅವರ ಕಣ್ಣಿಗೆ ಬೇಗ ಬಿದ್ದರು.

ಟಿವಿಯ ಕಾಮಿಡಿ ಶೋ ಇನ್ನೊಂದು ಬಾಗಿಲು. 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಕಾಮಿಡಿ ಕಿಲಾಡಿಗಳು' ಶಿವರಾಜ್ ಕೆ.ಆರ್. ಪೇಟೆ, ನಯನಾ ಅವರಂಥವರನ್ನು ಸಿನಿಮಾಕ್ಕೆ ತಲುಪಿಸಿತು. ಇಲ್ಲಿ ವಾರಕ್ಕೊಂದು ಹೊಸ ಸ್ಕಿಟ್. ಕಲಿಕೆ ತುಂಬ ಇದೆ, ಹೆಸರು ಬೇಗ ಬರುತ್ತದೆ. ಆದರೆ ಬರೆಯುವವರು ಬೇರೆ ಇರುತ್ತಾರೆ, ಸೀಸನ್ ಮುಗಿದ ಮೇಲೆ ಆ ಸ್ಕಿಟ್ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಸ್ಟ್ಯಾಂಡ್‌ಅಪ್‌ಗೆ ಮಾತ್ರ ಬೆಂಗಳೂರಿಗೆ ಸಾಟಿ ಇಲ್ಲ. ವಾರದ ಹೆಚ್ಚುಕಮ್ಮಿ ಎಲ್ಲ ರಾತ್ರಿ ಎಲ್ಲಾದರೂ ಓಪನ್ ಮೈಕ್ ಇರುತ್ತದೆ. ಹೆಸರು ಕೊಡಬೇಕು, ಸ್ಪಾಟ್ ಸಿಕ್ಕಿದರೆ ಹೋಗಿ ಐದು ನಿಮಿಷ ಮಾಡಬೇಕು, ಸಮಯ ಮುಗಿಯುವಾಗ ಹಿಂದಿನಿಂದ ಲೈಟ್ ತೋರಿಸುತ್ತಾರೆ, ಇಳಿಯಬೇಕು. ದುಡ್ಡಿಲ್ಲ. ಕೆಲವು ಕಡೆ ಒಬ್ಬ ಸ್ನೇಹಿತನನ್ನು ಕರಕೊಂಡು ಬಂದರೆ ಮಾತ್ರ ಸ್ಪಾಟ್. ಐದು ನಿಮಿಷ ಗಟ್ಟಿಯಾದರೆ ನಾಲ್ಕಾರು ಹಾಸ್ಯಗಾರರು ಸೇರಿ ಮಾಡುವ ಲೈನಪ್ ಶೋಗೆ ಕರೆ, ಆಮೇಲೆ ಹೋಸ್ಟಿಂಗ್, ಆಮೇಲೆ ಟಿಕೆಟ್ ಶೋ. ಒಂದು ಗಂಟೆಯ ಸ್ವಂತ ಶೋಗೆ ವರ್ಷಗಳೇ ಬೇಕು. ಕೈಗೆ ದುಡ್ಡು ಬರುವುದು ಹೆಚ್ಚಾಗಿ ಕಂಪನಿಗಳ ಶೋಗಳಿಂದ, ಅಲ್ಲಿ ಬಾಸ್‌ನ ಎದುರು ಯಾರೂ ಜೋರಾಗಿ ನಗುವುದಿಲ್ಲ ಅನ್ನುವುದು ಬೇರೆ ವಿಷಯ. ಕನ್ನಡದಲ್ಲೇ ಮಾಡುವವರಿಗೆ ಈಗ ಜಾಗ ಇದೆ, ಲೋಲ್‌ಬಾಗ್ ತಂಡದವರು ಆ ದಾರಿ ಮಾಡಿಕೊಟ್ಟರು. ಅವರಿಗಿಂತ ಮೊದಲೇ ಗಂಗಾವತಿ ಪ್ರಾಣೇಶ್, ರಿಚರ್ಡ್ ಲೂಯಿಸ್, ಸುಧಾ ಬರಗೂರು ಹಾಸ್ಯ ಸಂಜೆಗಳಲ್ಲಿ ಒಬ್ಬರೇ ನಿಂತು ಸಭಾಂಗಣ ತುಂಬಿಸಿದವರು. ಊರಿನ ಸಂಘಗಳು ಈಗಲೂ ಕರೆಯುವುದು ಅಂಥವರನ್ನೇ. ಇಂಗ್ಲಿಷ್ ಬೆರೆಸದೆ ಮುಕ್ಕಾಲು ಗಂಟೆ ನಗಿಸಲು ಬಂದರೆ ಆ ಬೇಡಿಕೆ ನಿಮಗೂ ಇದೆ.

ಒಂದು ಎಚ್ಚರಿಕೆ. ಜೋಕಿಗೆ ಕೇಸು ಬೀಳುವ ಕಾಲ ಇದು. ಮುನಾವರ್ ಫಾರೂಕಿ ಅವರನ್ನು 2021ರ ಹೊಸ ವರ್ಷದ ದಿನ ಇಂದೋರಿನಲ್ಲಿ ಬಂಧಿಸಿದರು, ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅವರ ಶೋ ರದ್ದಾಯಿತು. ದೊಡ್ಡವರಿಗೆ ವಕೀಲರು ಇರುತ್ತಾರೆ. ಹೊಸಬರು ವಿಡಿಯೋ ಹಾಕುವ ಮೊದಲು ಎರಡು ಸಲ ನೋಡುವುದು ಒಳ್ಳೆಯದು.

ಕೊಚ್ಚಿ: ಹೊಳೆ ದಾಟಿದವರಿಗೆ

ಮಲಯಾಳಂ ಸಿನಿಮಾದವರಿಗೆ ಮಿಮಿಕ್ರಿಯಿಂದ ನಟರನ್ನು ತೆಗೆದುಕೊಳ್ಳುವ ಅಭ್ಯಾಸ ಹಳೆಯದು. ಫಾದರ್ ಆಬೆಲ್ 1969ರಲ್ಲಿ ಶುರುಮಾಡಿದ ಕೊಚ್ಚಿನ್ ಕಲಾಭವನ್, 1981ರಲ್ಲಿ ಮಿಮಿಕ್ಸ್ ಪರೇಡ್ ಕಟ್ಟಿತು. ಜಯರಾಮ್, ಕಲಾಭವನ್ ಮಣಿ, ದಿಲೀಪ್ ಅಲ್ಲಿಂದ ಬಂದವರು, ನಿರ್ದೇಶಕರಾದ ಸಿದ್ದಿಕ್–ಲಾಲ್ ಕೂಡ. ಮಿಮಿಕ್ರಿಯ ಸುರಾಜ್ ವೆಂಞಾರಮೂಡು 2013ರ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು, ಅದೂ ಹಾಸ್ಯವೇ ಇಲ್ಲದ ಪಾತ್ರಕ್ಕೆ. ನಗಿಸುವವನನ್ನು ಅಳಿಸುವ ಪಾತ್ರಕ್ಕೂ ನಂಬುವ ಉದ್ಯಮ ಅದು. ಈ ವಿಷಯದಲ್ಲಿ ಕನ್ನಡಕ್ಕಿಂತ ಒಂದು ಹೆಜ್ಜೆ ಮುಂದೆ ಅಂತ ಒಪ್ಪಿಕೊಳ್ಳಬೇಕು.

ನಮ್ಮ ಜಿಲ್ಲೆಗೆ ಇನ್ನೂ ಒಂದು ಲಾಭ ಆಗಿದೆ. ಒಂದು ಕಾಲಕ್ಕೆ ಕಾಸರಗೋಡಿನ ಮಲಯಾಳಂ ಅಂದರೆ ಕೊಚ್ಚಿಯವರಿಗೆ ತಮಾಷೆ. 2017ರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ಇಲ್ಲಿಯ ಕತೆ, ಪೊಲೀಸರ ಪಾತ್ರಕ್ಕೆ ನಿಜವಾದ ಪೊಲೀಸರನ್ನೇ ಹಾಕಿದರು. ಕಾಞಂಗಾಡಿನ ಸೆನ್ನ ಹೆಗ್ಡೆ 'ತಿಂಗಳಾಳ್ಚ ನಿಶ್ಚಯಂ' ಮಾಡಿದ್ದು ಊರಿನ ಜನರನ್ನೇ ಕಟ್ಟಿಕೊಂಡು. 2022ರ 'ನ್ನಾ ತಾನ್ ಕೇಸ್ ಕೊಡ್' ಸಿನಿಮಾದಲ್ಲಿ ನ್ಯಾಯಾಧೀಶರ ಪಾತ್ರ ಮಾಡಿದ ಪಿ.ಪಿ. ಕುಞಿಕೃಷ್ಣನ್ ನಿವೃತ್ತ ಶಾಲಾ ಮಾಸ್ತರರು, ಕೇರಳ ರಾಜ್ಯ ಪ್ರಶಸ್ತಿಯನ್ನೂ ಪಡೆದರು. ಅಂದಹಾಗೆ ಇದೇ ಸೆನ್ನ ಹೆಗ್ಡೆ 2018ರಲ್ಲಿ ಮಾಡಿದ 'ಕಥೆಯೊಂದು ಶುರುವಾಗಿದೆ' ಕನ್ನಡ ಸಿನಿಮಾ. ಗಡಿಯವರಿಗೆ ಎರಡೂ ಬಾಗಿಲು ತೆರೆದಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆದರೆ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಈ ಸಿನಿಮಾಗಳಿಗೆ ಬೇಕಾದದ್ದು ಚಂದ್ರಗಿರಿ ಹೊಳೆಯಿಂದ ತೆಂಕಿನ ಮಾತು, ಕಾಞಂಗಾಡು, ನೀಲೇಶ್ವರ, ಚೆರುವತ್ತೂರು ಕಡೆಯದ್ದು. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡುವ ಪೆರ್ಲದ ಹುಡುಗನ ಮಲಯಾಳಂ ಅಂಗಡಿ, ಆಫೀಸಿಗೆ ಸಾಕು. ಹತ್ತು ನಿಮಿಷ ಸ್ಟೇಜಿನಲ್ಲಿ ನಿಲ್ಲಲು ಸಾಕಾಗುವುದಿಲ್ಲ. ನಿಮಗೆ ಮಲಯಾಳಂನಲ್ಲಿ ಸಿಟ್ಟು ಬರುತ್ತದಾ, ನಿಮ್ಮ ಕ್ಲಾಸಿನವರನ್ನು ಮಲಯಾಳಂನಲ್ಲಿ ನಗಿಸಿದ್ದೀರಾ ಅಂತ ಕೇಳಿಕೊಳ್ಳಿ. ಹೌದು ಅಂತಾದರೆ ಕೊಚ್ಚಿಗೆ ಹೋಗಿ. 2023ರ ಏಪ್ರಿಲ್‌ನಲ್ಲಿ ವಂದೇ ಭಾರತ್ ಬಂದ ಮೇಲೆ ಎರ್ನಾಕುಳಂ ಅರ್ಧ ದಿನದ ದಾರಿ. ಇಲ್ಲ ಅಂತಾದರೆ ಊರಿಗೇ ಬರುವ ಶೂಟಿಂಗ್‌ಗಳ ಆಡಿಷನ್‌ಗೆ ಮಾತ್ರ ಹೋಗಿ ಬನ್ನಿ, ಅದಕ್ಕೆ ಖರ್ಚೂ ಇಲ್ಲ.

ಒಂದೇ ಜೋಕು, ಮೂರು ಊರು

ಉದಾಹರಣೆಗೆ ಒಂದು ಜೋಕು ತೆಗೆದುಕೊಳ್ಳೋಣ. 'ನಮ್ಮ ಮನೆಗೆ ಬ್ಯಾಂಕಿನಿಂದ ಬರುವ ನೋಟೀಸು ಮಲಯಾಳಂನಲ್ಲಿ. ಅಜ್ಜನಿಗೆ ಓದಲು ಬರುವುದಿಲ್ಲ, ಪಕ್ಕದ ಮನೆಯ ಹುಡುಗ ಓದಿ ಹೇಳುತ್ತಾನೆ. ಹಾಗಾಗಿ ನಮ್ಮ ಸಾಲ ಎಷ್ಟು ಅಂತ ನಮಗಿಂತ ಮೊದಲು ನೆರೆಮನೆಗೆ ಗೊತ್ತು. ಈಗ ನನಗೆ ಹೆಣ್ಣು ಹುಡುಕುವವರು ಕೂಡ ಅವನ ಹತ್ತಿರವೇ ಕೇಳುತ್ತಾರೆ.'

ಪೆರ್ಲದಲ್ಲಿ ಇದನ್ನು ತುಳುವಿನಲ್ಲಿ ಹೇಳಿದರೆ 'ಓದಿ ಹೇಳುತ್ತಾನೆ' ಅನ್ನುವಲ್ಲೇ ನಗು ಶುರು. ಎಲ್ಲರ ಮನೆಯಲ್ಲೂ ಅಂಥ ಕಾಗದ ಬಂದಿದೆ. ಕೊನೆಯ ಮಾತು ಅವರಿಗೆ ಬೋನಸ್. ಬೆಂಗಳೂರಿನಲ್ಲಿ ಇದೇ ಮಾತಿಗೆ ಮೊದಲು ಎರಡು ವಾಕ್ಯ ಬೇಕು: ನಮ್ಮೂರು ಕೇರಳದಲ್ಲಿದೆ, ಮನೆಯಲ್ಲಿ ಕನ್ನಡ. 1956ರ ನವೆಂಬರ್ 1ರ ಚರಿತ್ರೆ ಎಲ್ಲ ಹೇಳಲು ಹೋದರೆ ಐದರಲ್ಲಿ ಎರಡು ನಿಮಿಷ ಹೋಯಿತು. ಅಲ್ಲಿ ನಗು ಬರುವುದು ಹೆಣ್ಣು ಹುಡುಕುವ ಮಾತಿಗೆ, ಹಾಗಾಗಿ ಅದನ್ನೇ ಬೆಳೆಸಬೇಕು. ಕೊಚ್ಚಿಯಲ್ಲಿ ಅಜ್ಜನ ಕಡೆಯಿಂದ ಹೇಳಿದರೆ ದೂರು ಹೇಳಿದ ಹಾಗಾಗುತ್ತದೆ. ಅಲ್ಲಿ ಪಕ್ಕದ ಮನೆಯ ಹುಡುಗನೇ ನೀವಾಗಿ ನಿಲ್ಲಬೇಕು, ಊರಿನ ಎಲ್ಲರ ಸಾಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಕಷ್ಟ ಹೇಳಬೇಕು.

ನಮ್ಮ ಹತ್ತಿರ ಇರುವ ಬಂಡವಾಳ ಇದು. ಬೆಂಗಳೂರಿನಲ್ಲೇ ಹುಟ್ಟಿದ ಹಾಸ್ಯಗಾರನಿಗೆ ಟ್ರಾಫಿಕ್, ಪಿಜಿ, ಸ್ಟಾರ್ಟಪ್ ಬಿಟ್ಟು ಬೇರೆ ಸರಕು ಸಿಗುವುದು ಕಷ್ಟ. ನಿಮಗೆ ಅಂಥ ಕಷ್ಟ ಇಲ್ಲ.

ಕಲಿಯಲು ಹೋಗಬೇಕಾ?

ಹೋದರೆ ಒಳ್ಳೆಯದು, ಆದರೆ ಎಲ್ಲಿಗೆ ಅಂತ ನೋಡಿಕೊಳ್ಳಿ. ಹೆಗ್ಗೋಡಿನ ನೀನಾಸಂ 1980ರಿಂದ ಒಂದು ವರ್ಷದ ರಂಗಶಿಕ್ಷಣ ನಡೆಸುತ್ತಿದೆ. ಅಲ್ಲೇ ಉಳಿದು ಕಲಿಯಬೇಕು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಅಲ್ಲಿಂದ ಬಂದವರು. ಮುಗಿದ ಮೇಲೆ ನೀನಾಸಂನ ಸಂಚಾರಿ ತಂಡವಾದ ತಿರುಗಾಟದಲ್ಲಿ ಜಾಗ ಸಿಕ್ಕಿದರೆ ಊರೂರು ಸುತ್ತಿ ನಾಟಕ ಮಾಡುವ ಅನುಭವವೂ ಆಗುತ್ತದೆ. ಮೈಸೂರಿನ ರಂಗಾಯಣ, ಬೆಂಗಳೂರಿನ ಎನ್‌ಎಸ್‌ಡಿ (ರಾಷ್ಟ್ರೀಯ ನಾಟಕ ಶಾಲೆ) ಕೇಂದ್ರಗಳಲ್ಲೂ ಒಂದು ವರ್ಷದ ಕೋರ್ಸ್ ಇದೆ. ಮಲಯಾಳಂ ಗಟ್ಟಿ ಇದ್ದವರಿಗೆ ತೃಶೂರಿನ ಸ್ಕೂಲ್ ಆಫ್ ಡ್ರಾಮಾ ಇದೆ, 1977ರಲ್ಲಿ ಜಿ. ಶಂಕರ ಪಿಳ್ಳೆ ಕಟ್ಟಿದ್ದು, ಕ್ಯಾಲಿಕಟ್ ವಿಶ್ವವಿದ್ಯಾಲಯದ ಪದವಿಯೇ ಸಿಗುತ್ತದೆ. ಮನೆಯವರಿಗೆ 'ಡಿಗ್ರಿ' ಅಂತ ಹೇಳಬೇಕಾದವರಿಗೆ ಅದು ಅನುಕೂಲ.

'ಮೂರು ತಿಂಗಳಲ್ಲಿ ಹೀರೋ' ಅನ್ನುವ ಆಕ್ಟಿಂಗ್ ಕ್ಲಾಸುಗಳ ಬಗ್ಗೆ ನನಗೆ ನಂಬಿಕೆ ಕಮ್ಮಿ. ಆಡಿಷನ್‌ಗೆ ದುಡ್ಡು ಕೇಳಿದರೆ, 'ಕಲಾವಿದರ ಸಂಘದ ಕಾರ್ಡ್ ಮಾಡಿಸಿಕೊಡುತ್ತೇವೆ, ಪಾತ್ರ ಗ್ಯಾರಂಟಿ' ಅಂದರೆ ಎದ್ದು ಬನ್ನಿ. ಸ್ಟ್ಯಾಂಡ್‌ಅಪ್‌ಗೆ ಶಾಲೆ ಅಂತ ಇಲ್ಲ. ಪ್ರತಿ ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎಲ್ಲಿ ನಗು ಬಂತು ಎಲ್ಲಿ ಬರಲಿಲ್ಲ ಅಂತ ಕೇಳಿಸಿಕೊಳ್ಳುವುದೇ ಪಾಠ. ತನ್ನದೇ ದನಿ ಕೇಳಲು ಮೊದಮೊದಲು ಹಿಂಸೆ ಆಗುತ್ತದೆ, ಆಮೇಲೆ ಅಭ್ಯಾಸ ಆಗುತ್ತದೆ.

ರೀಲ್ಸ್ ಬಗ್ಗೆ ಉದ್ದ ಹೇಳಬೇಕಾಗಿಲ್ಲ. ಮಾಡಿ. ಕಾಸ್ಟಿಂಗ್‌ನವರು ಈಗ ಅದನ್ನೂ ನೋಡುತ್ತಾರೆ. ಆದರೆ ತೊಂಬತ್ತು ಸೆಕೆಂಡಿನ ನಗು ಕೊಟ್ಟವರಿಗೆ ಮುಕ್ಕಾಲು ಗಂಟೆಯ ಟಿಕೆಟ್ ಶೋ ಕೊಟ್ಟರೆ ಹತ್ತನೇ ನಿಮಿಷಕ್ಕೆ ಬೆವರು ಬರುತ್ತದೆ.

ದುಡ್ಡು

ಮೊದಲ ವರ್ಷಗಳಲ್ಲಿ ನಟನೆಯಾಗಲಿ ಸ್ಟ್ಯಾಂಡ್‌ಅಪ್ ಆಗಲಿ ಹೊಟ್ಟೆ ತುಂಬಿಸುವುದಿಲ್ಲ. ತುಂಬಿಸುವುದು ಅದರ ಅಕ್ಕಪಕ್ಕದ ಕೆಲಸ. ಕರಾವಳಿಯಲ್ಲಿ ಅದು ನಿರೂಪಣೆ. ಮದರಂಗಿ, ಕ್ರೈಸ್ತರ ಮದುವೆಯ ಮುಂಚಿನ ರೋಸ್, ರಿಸೆಪ್ಶನ್, ಅಂಗಡಿ ಉದ್ಘಾಟನೆ, ಕ್ರಿಕೆಟ್ ಟೂರ್ನಮೆಂಟ್, ಎಲ್ಲದಕ್ಕೂ ಮೈಕ್ ಹಿಡಿಯುವವರು ಬೇಕು. ತುಳು, ಕನ್ನಡ, ಮಲಯಾಳಂ, ಬ್ಯಾರಿ, ಕೊಂಕಣಿಯಲ್ಲಿ ನಾಲ್ಕು ಮಾತಾಡಲು ಬಂದರೆ ನಿಮ್ಮ ಬೆಲೆ ಬೇರೆಯೇ. ನಮ್ಮ ಕಡೆ ಇನ್ನೊಂದು ಕೆಲಸ ಇದೆ, ಮಂಗಳೂರಿನವರಿಗೆ ಅದು ಇಲ್ಲ: ಕೇರಳ ಶಾಲಾ ಕಲೋತ್ಸವ. ಮೋನೋ ಆಕ್ಟ್, ಮಿಮಿಕ್ರಿ, ನಾಟಕ, ಯಕ್ಷಗಾನಕ್ಕೆ ಮಕ್ಕಳನ್ನು ತಯಾರು ಮಾಡುವವರಿಗೆ ಪ್ರತಿ ವರ್ಷ ಬೇಡಿಕೆ. ಮಗುವಿಗೆ ಐದು ನಿಮಿಷದ ಮೋನೋ ಆಕ್ಟ್ ಬರೆದು ಕೊಡುವುದು ನಿಮ್ಮ ಬರವಣಿಗೆಗೂ ಒಳ್ಳೆಯ ಕಸರತ್ತು.

ಸಿನಿಮಾ, ಧಾರಾವಾಹಿಯಲ್ಲಿ ಪೇಮೆಂಟ್ ಸ್ವಲ್ಪ ದೊಡ್ಡದಾದರೆ ಶೇ. 10 ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ಕೊಡುತ್ತಾರೆ. 'ಅಷ್ಟೂ ಹೋಯಿತು' ಅಂತ ಸುಮ್ಮನಾಗಬೇಡಿ. ರಿಟರ್ನ್ ಹಾಕಿದರೆ, ತೆರಿಗೆ ಬೀಳದಷ್ಟು ಆದಾಯ ಇದ್ದವರಿಗೆ ಅದು ವಾಪಸ್ ಬರುತ್ತದೆ. ಎಷ್ಟು ದಿನದ ಕೆಲಸ, ದಿನಕ್ಕೆ ಎಷ್ಟು, ಡಬ್ಬಿಂಗ್ ಅದರಲ್ಲೇ ಸೇರಿದೆಯಾ, ಹೋಗಿ ಬರುವ ಖರ್ಚು ಯಾರದ್ದು, ಇಷ್ಟನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಸ್ಟ್ಯಾಂಡ್‌ಅಪ್‌ನಲ್ಲಿ ಸಂಘಟಕರ ಹತ್ತಿರ ಅರ್ಧ ದುಡ್ಡು ಮುಂಗಡ ಕೇಳುವುದು ತಪ್ಪಲ್ಲ.

ಹುಡುಗಿಯರಿಗೆ ಇನ್ನೊಂದು ಮಾತು. ಮಲಯಾಳಂ ಸಿನಿಮಾದಲ್ಲಿ ಹೆಂಗಸರ ಪರಿಸ್ಥಿತಿ ಬಗ್ಗೆ 2017ರಲ್ಲಿ ನೇಮಿಸಿದ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂತು. ಓದಿದರೆ ಸಿಟ್ಟು ಬರುತ್ತದೆ, ಆದರೂ ಓದಿ. ಕನ್ನಡದಲ್ಲಿ, ತುಳುವಿನಲ್ಲಿ ಹಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಡಿಷನ್ ಆಫೀಸಿನಲ್ಲೋ ಸ್ಟುಡಿಯೋದಲ್ಲೋ ನಡೆಯಬೇಕು, ಹೋಟೆಲ್ ರೂಮಿನಲ್ಲಿ ಅಲ್ಲ. ಈ ವಿಷಯದಲ್ಲಿ ಮಾತ್ರ ಸ್ಟ್ಯಾಂಡ್‌ಅಪ್ ಸ್ವಲ್ಪ ಮೇಲು, ಯಾಕೆಂದರೆ ಪಾತ್ರ ಕೊಡುವವರು ಅಂತ ಒಬ್ಬರು ನಿಮ್ಮ ತಲೆ ಮೇಲೆ ಇರುವುದಿಲ್ಲ. ತಡರಾತ್ರಿಯ ಪ್ರಯಾಣದ ಕಷ್ಟ ಎರಡರಲ್ಲೂ ಇದೆ.

ಹಾಗಾದರೆ ಯಾರಿಗೆ ಯಾವುದು

ತುಳು ಬರುತ್ತದೆ, ಗುಂಪಿನಲ್ಲಿ ಕೆಲಸ ಮಾಡಲು ಇಷ್ಟ, ಮನೆಯಲ್ಲಿ ದುಡ್ಡಿನ ಬಲ ಇಲ್ಲ ಅಂತಾದರೆ ಎರಡು ಮೂರು ಸೀಸನ್ ಮಂಗಳೂರಿನ ತಂಡದಲ್ಲಿ ಇರಿ. ಮಳೆಗಾಲದಲ್ಲಿ ನಾಟಕ ಇಲ್ಲದಾಗ ಬೆಂಗಳೂರಿಗೆ ಹೋಗಿ ಓಪನ್ ಮೈಕ್ ಮಾಡಿ ಬನ್ನಿ. ತುಳು ಅಷ್ಟು ಬರುವುದಿಲ್ಲ, ಕನ್ನಡ ಚೆನ್ನಾಗಿದೆ, ಬರೆಯುವ ಹುಚ್ಚು ಇದೆ ಅಂತಾದರೆ ನೇರ ಬೆಂಗಳೂರು, ಆದರೆ ಹಗಲಿಗೆ ಒಂದು ಕೆಲಸ ಹಿಡಿದುಕೊಂಡೇ. ಮುಖ್ಯವಾಗಿ ನಟನೆಯೇ ಬೇಕು, ನಗಿಸುವುದು ಎರಡನೆಯದು ಅನ್ನುವವರು ಒಂದು ವರ್ಷ ಹೆಗ್ಗೋಡಿನಂಥ ಜಾಗಕ್ಕೆ ಹೋಗಿ. ಕೊಚ್ಚಿ ಯಾರಿಗೆ ಅಂತ ಮೇಲೆ ಹೇಳಿದ್ದೇನೆ.

ಯಾವ ದಾರಿ ಹಿಡಿದರೂ ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ಸೆಲ್ಫ್ ಟೇಪ್, ಅಂದರೆ ಆಡಿಷನ್‌ಗೆ ಕಳಿಸಲು ನೀವೇ ತೆಗೆದ ವಿಡಿಯೋ, ಮಾಡಿಡಿ. ಬಿಳಿ ಗೋಡೆ, ಎದುರಿಗೆ ಕಿಟಕಿಯ ಬೆಳಕು, ಮೊಬೈಲ್ ಅಡ್ಡ ಹಿಡಿದು ಎದೆಯ ಮಟ್ಟಕ್ಕೆ. ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು, ಆಮೇಲೆ ಎಡಕ್ಕೆ ಬಲಕ್ಕೆ ತಿರುಗಿ ಮುಖ ತೋರಿಸುವುದು. ನಂತರ ಒಂದು ನಿಮಿಷದ ಅಭಿನಯ ಕನ್ನಡದಲ್ಲಿ, ಒಂದು ತುಳುವಿನಲ್ಲಿ, ಒಂದು ಮಲಯಾಳಂನಲ್ಲಿ, ಮೂರು ಬೇರೆ ಬೇರೆ ಫೈಲ್. ಪ್ರಸಿದ್ಧ ಸಿನಿಮಾದ ಡೈಲಾಗ್ ಬೇಡ, ನೋಡುವವರು ಮೂಲ ನಟನ ಜೊತೆ ಹೋಲಿಸುತ್ತಾರೆ. ಹಿಂದೆ ಫ್ಯಾನ್ ಆಫ್ ಮಾಡಿ. ಫೈಲಿಗೆ ನಿಮ್ಮ ಹೆಸರು, ವಯಸ್ಸು, ಭಾಷೆ ಹಾಕಿಡಿ, ಇಲ್ಲದಿದ್ದರೆ ನೂರಾರು ವಿಡಿಯೋಗಳ ನಡುವೆ ನಿಮ್ಮದು ಯಾವುದು ಅಂತ ಅಸಿಸ್ಟೆಂಟ್‌ಗೆ ಗೊತ್ತಾಗುವುದಿಲ್ಲ.